ಕೆಮಿಕಲ್ ಪೀಲ್: ನಮ್ಮ ಗೋಧಿಬಣ್ಣದ ಚರ್ಮಕ್ಕೆ ಯಾವುದು, ಎಷ್ಟು ಆಳ?

ಅಣ್ಣನ ಮಗಳ ಮದುವೆಗೆ ಹನ್ನೊಂದು ದಿನ ಇರುವಾಗ ನಾನು ಮುಖಕ್ಕೆ ಪೀಲ್, ಅಂದರೆ ಆಮ್ಲ ಹಚ್ಚಿ ಮೇಲಿನ ಹಳೆಯ ಚರ್ಮ ಉದುರಿಸುವ ಚಿಕಿತ್ಸೆ, ಮಾಡಿಸಿಕೊಂಡೆ. ಆಗ ನನಗೆ 43. ಹೋಗಿದ್ದು ಡಾಕ್ಟರ ಹತ್ತಿರ ಅಲ್ಲ, ಒಂದು ಪಾರ್ಲರ್‌ಗೆ. "ಒಂದೇ ಸಿಟ್ಟಿಂಗ್ ಮೇಡಂ, ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರ" ಅಂದರು. ಬಾಟಲಿಯಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾಲ್ಕನೇ ದಿನ ಎಡಗೆನ್ನೆಯ ಮೂಳೆಯ ಮೇಲೆ ಸಿಪ್ಪೆ ಎದ್ದಿತು. ಕನ್ನಡಿ ಮುಂದೆ ನಿಂತು ಉಗುರಿನಲ್ಲಿ ಎಳೆದೆ. ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಸಲೀಸಾಗಿ ಬಂತು, ಕೊನೆಯಲ್ಲಿ ಮಾತ್ರ ಚುರ್ ಅಂತ ಹಿಡಿದುಕೊಂಡಿತು. ಆ ಕೊನೆಯ ಜಾಗ, ಕಡಲೆಬೇಳೆಯಷ್ಟು ಅಗಲ, ಮದುವೆಯ ಹೊತ್ತಿಗೆ ಕಂದಾಯಿತು, ಆಮೇಲೆ ಕಪ್ಪಾಯಿತು. ಪೂರ್ತಿ ಹೋಗುವುದಕ್ಕೆ ಎಂಟು ತಿಂಗಳು ಹಿಡಿಯಿತು.

ಆಮೇಲೆ ಅದೇ ಮುಖಕ್ಕೆ ಚರ್ಮದ ಡಾಕ್ಟರ ಹತ್ತಿರ ಆರು ಸಲ ಪೀಲ್ ಮಾಡಿಸಿಕೊಂಡಿದ್ದೇನೆ. ಒಳ್ಳೆಯದೇ ಆಗಿದೆ. ಹಾಗಾಗಿ ಪೀಲ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಪೀಲ್ ಅನ್ನುವುದು ಒಂದೇ ವಸ್ತು ಅಲ್ಲ. ಆ ಹೆಸರಿನಲ್ಲಿ ಮೊಸರಿನ ಹುಳಿಯೂ ಇದೆ, ಹೃದಯದ ಬಡಿತ ನೋಡಿಕೊಂಡೇ ಹಚ್ಚಬೇಕಾದ ಫಿನಾಲ್ ಕೂಡ ಇದೆ. ಅವುಗಳಲ್ಲಿ ನಿಮಗೆ ಯಾವುದು ಅಂತ ಗೊತ್ತು ಮಾಡಿಕೊಳ್ಳಲು ಈ ಬರಹ ಸ್ವಲ್ಪ ಸಹಾಯ ಮಾಡಲಿ ಅಂತ ಆಸೆ.

ಮೊದಲು ಕನ್ನಡಿಯಲ್ಲಿ ನೋಡಬೇಕಾದ್ದು

"ಮುಖಕ್ಕೆ ವಯಸ್ಸಾಗಿದೆ" ಅಂತ ಅನಿಸಿದಾಗ ನಿಜವಾಗಿ ಏನು ಕಾಣುತ್ತಿದೆ? ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ ನಿಂತು ನೋಡಿ. ಬಿಳಿ ಚರ್ಮದವರಿಗೆ ಬಿಸಿಲಿನಿಂದ ಮೊದಲು ಸುಕ್ಕು ಬರುತ್ತದೆ. ನಮ್ಮಂಥ ಗೋಧಿಬಣ್ಣ, ಎಣ್ಣೆಗೆಂಪು, ಕಪ್ಪು ಮೈಬಣ್ಣದವರಿಗೆ ಸುಕ್ಕು ತಡವಾಗಿ ಬರುತ್ತದೆ. ಮೊದಲು ಕೆಡುವುದು ಬಣ್ಣ. ಕೆನ್ನೆಯ ಮೇಲೆ ಬಂಗು, ಹಣೆಯ ಅಂಚು ಕಪ್ಪು, ಬಾಯಿಯ ಸುತ್ತ ಮಬ್ಬು, ಹಳೆಯ ಮೊಡವೆಯ ಗುರುತು. ಅದರ ಜೊತೆ ಚರ್ಮ ಒರಟಾಗಿ, ಕಳೆ ಇಲ್ಲದ ಹಾಗೆ ಕಾಣುತ್ತದೆ.

ಈ ಎರಡಕ್ಕೆ, ಅಂದರೆ ಬಣ್ಣಕ್ಕೆ ಮತ್ತು ಒರಟುತನಕ್ಕೆ, ಮೇಲುಪದರದ ಪೀಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣಿನ ಕೆಳಗಿನ ತೆಳು ಗೆರೆಗಳು ಸ್ವಲ್ಪ ಮೆತ್ತಗಾಗುತ್ತವೆ. ಆದರೆ ಜೋತುಬಿದ್ದ ಕೆನ್ನೆ ಯಾವ ಪೀಲ್‌ನಿಂದಲೂ ಮೇಲಕ್ಕೆ ಹೋಗುವುದಿಲ್ಲ. ಹುಬ್ಬು ಗಂಟಿಕ್ಕಿದಾಗ ಬೀಳುವ ಗೆರೆ ಸ್ನಾಯುವಿನ ಕೆಲಸ, ಅದಕ್ಕೆ ಬೊಟಾಕ್ಸ್ ಇಂಜೆಕ್ಷನ್ ಇದೆ. ಕೆನ್ನೆಯ ಮೇಲೆ ಸಾಸಿವೆ ಕಾಳಿನಂಥ ಸಣ್ಣ ಕಪ್ಪು ಗುಳ್ಳೆಗಳು ಎದ್ದಿದ್ದರೆ ಅವೂ ಪೀಲ್‌ಗೆ ಬಗ್ಗುವುದಿಲ್ಲ. ಅವನ್ನು ಕಾಟರಿ ಮಾಡಿ, ಅಂದರೆ ಸುಟ್ಟು, ತೆಗೆಯುತ್ತಾರೆ.

ಇನ್ನೊಂದು ಮಾತು. ಕುತ್ತಿಗೆಯ ಹಿಂದೆ ಕಪ್ಪಾಗಿ, ದಪ್ಪಗೆ, ಮಖಮಲ್ಲಿನಂತೆ ಆಗಿದ್ದರೆ ಪೀಲ್‌ಗೆ ದುಡ್ಡು ಹಾಕುವ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ನಮ್ಮ ಮನೆಯಲ್ಲೇ ಒಬ್ಬರಿಗೆ ಹಾಗೆ ಗೊತ್ತಾಯಿತು.

ಆಳವೇ ಎಲ್ಲ

ಚರ್ಮದ ಹೊರಪದರ ಚಿಕ್ಕ ವಯಸ್ಸಿನಲ್ಲಿ ಸುಮಾರು 28 ದಿನಕ್ಕೊಮ್ಮೆ ಹೊಸದಾಗುತ್ತದೆ. ವಯಸ್ಸಾದಂತೆ ಅದು ನಿಧಾನ. ಸತ್ತ ಕಣಗಳು ಮೇಲೆ ಹಾಗೇ ಕೂತಿರುತ್ತವೆ, ಅದಕ್ಕೇ ಮುಖ ಮಂಕು. ಪೀಲ್ ಅಂದರೆ ಲೆಕ್ಕ ಹಾಕಿ ಮಾಡುವ ಗಾಯ. ಒಂದು ಆಮ್ಲ ಹಚ್ಚಿ ಇಷ್ಟು ಆಳದವರೆಗೆ ಸಡಿಲ ಮಾಡುತ್ತಾರೆ, ಕೆಳಗಿನಿಂದ ಹೊಸ ಚರ್ಮ ಬರುತ್ತದೆ.

ಈ ಆಮ್ಲಗಳಲ್ಲಿ ಹಲವು ಹಳೆಯವು. ಜರ್ಮನಿಯ ಹ್ಯಾಂಬರ್ಗ್‌ನ ಚರ್ಮತಜ್ಞ ಪಾಲ್ ಉನ್ನಾ 1882ರಲ್ಲೇ ಸ್ಯಾಲಿಸಿಲಿಕ್ ಆಸಿಡ್, ರಿಸಾರ್ಸಿನಾಲ್, ಫಿನಾಲ್, ಟಿಸಿಎ (ಟ್ರೈಕ್ಲೋರೋ ಅಸಿಟಿಕ್ ಆಸಿಡ್) ಎಲ್ಲದರ ಬಗ್ಗೆ ಬರೆದಿದ್ದ. ಬಿಳಿ ಚರ್ಮಕ್ಕೆ ಆಳವಾಗಿ ಹೋದಷ್ಟೂ ಫಲ ಜಾಸ್ತಿ ಅಂತ ಒಂದು ಲೆಕ್ಕ ಇದೆ. ಆ ಲೆಕ್ಕ ನಮಗೆ ಆಗಿಬರುವುದಿಲ್ಲ. ನಮ್ಮ ಚರ್ಮದಲ್ಲಿ ಬಣ್ಣದ ಕಣಗಳು ಚುರುಕು. ಸೊಳ್ಳೆ ಕಚ್ಚಿದ ಜಾಗವೂ ಕಪ್ಪು ಚುಕ್ಕೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ, ಅಲ್ವಾ? ಪೀಲ್‌ನ ಗಾಯಕ್ಕೂ ಚರ್ಮ ಹಾಗೇ ಮಾಡುತ್ತದೆ. ಮೈಬಣ್ಣವನ್ನು ಒಂದರಿಂದ ಆರರವರೆಗೆ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದು. ಡಾಕ್ಟರು ನಿಮ್ಮ ಫೈಲಿನಲ್ಲಿ ಬರೆಯುವ ಆ ಅಂಕಿಯ ಮೇಲೆ ಎಲ್ಲ ನಿಂತಿದೆ.

ಆಳದ ಪೀಲ್ ಅಂದರೆ ಫಿನಾಲ್ ಮತ್ತು ಜಾಪಾಳದ ಎಣ್ಣೆಯ ಮಿಶ್ರಣ. ಹೌದು, ನಮ್ಮ ಹಳೆಯ ನಾಟಿ ವೈದ್ಯದಲ್ಲಿ ಭೇದಿಗೆ ಕೊಡುತ್ತಿದ್ದ ಅದೇ ಜಾಪಾಳ. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬೇಕರ್ ಮತ್ತು ಗಾರ್ಡನ್ ಇದರ ಸೂತ್ರ ಪ್ರಕಟಿಸಿದರು. ಆಳವಾದ ಸುಕ್ಕಿಗೆ ಅದರಷ್ಟು ಬಲವಾದ ಪೀಲ್ ಇನ್ನೊಂದಿಲ್ಲ. ಆದರೆ ಫಿನಾಲ್ ರಕ್ತಕ್ಕೆ ಸೇರಿ ಹೃದಯದ ಲಯ ತಪ್ಪಿಸಬಹುದು, ಹಾಗಾಗಿ ಇಸಿಜಿ ಮಾನಿಟರ್ ಹಾಕಿಯೇ ಮಾಡುತ್ತಾರೆ. ಚರ್ಮದ ಬಣ್ಣ ಶಾಶ್ವತವಾಗಿ ಹೋಗಿ ಬಿಳಿಚಿಕೊಳ್ಳಲೂಬಹುದು. ಭಾರತದ ಚರ್ಮತಜ್ಞರ ಸಂಘ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೇ ಭಾರತೀಯರ ಚರ್ಮಕ್ಕೆ ಆಳದ ಪೀಲ್ ಶಿಫಾರಸು ಮಾಡಿಲ್ಲ. ನಮ್ಮ ಮಟ್ಟಿಗೆ ಈ ಆಯ್ಕೆಯನ್ನು ಇಲ್ಲಿಗೇ ಬಿಡೋಣ.

ನಡುವಿನದು ಟಿಸಿಎ ಶೇ 35, ಸಾಮಾನ್ಯವಾಗಿ ಇನ್ನೊಂದು ಪೀಲ್ ಹಚ್ಚಿದ ಮೇಲೆ. ಹಚ್ಚಿದ ಕೆಲವೇ ನಿಮಿಷದಲ್ಲಿ ಮುಖ ಹಿಮ ಬಿದ್ದಂತೆ ಬೆಳ್ಳಗಾಗುತ್ತದೆ. ಚರ್ಮದ ಪ್ರೋಟೀನ್ ಗಟ್ಟಿಯಾಗುವ ಗುರುತು ಅದು, ಮೊಟ್ಟೆಯ ಬಿಳಿ ಬೆಂದ ಹಾಗೆ. ಆಮೇಲೆ ನೀರು ಹಾಕಿದರೂ ಆದ ಕೆಲಸ ಹಿಂದಕ್ಕೆ ಬರುವುದಿಲ್ಲ. ಏಳರಿಂದ ಹತ್ತು ದಿನ ಮನೆಯಲ್ಲೇ ಇರಬೇಕು. ತುಟಿಯ ಮೇಲೆ ಸರ್ಪಸುತ್ತಿನ ಜಾತಿಯ ನೀರುಗುಳ್ಳೆ ಬರುವ ಅಭ್ಯಾಸ ಇದ್ದವರಿಗೆ ಮೊದಲೇ ಮಾತ್ರೆ ಕೊಡುತ್ತಾರೆ. ನಮ್ಮ ಬಣ್ಣದವರಿಗೆ ಇದನ್ನು ಮಾಡುವುದೇ ಇಲ್ಲ ಅಂತಲ್ಲ, ಆದರೆ ಮಾಡುವವರ ಕೈ ತುಂಬಾ ಪಳಗಿರಬೇಕು. ಮೊದಲ ಪೀಲ್ ಆಗಿ ಯಾರೂ ಇದನ್ನು ಆರಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಉಳಿದದ್ದು ಮೇಲುಪದರದ ಪೀಲ್‌ಗಳು. ನಮಗೆ ನಿಜವಾದ ಆಯ್ಕೆ ಇರುವುದು ಇವುಗಳ ನಡುವೆ.

ಗ್ಲೈಕಾಲಿಕ್, ಲ್ಯಾಕ್ಟಿಕ್, ಮ್ಯಾಂಡೆಲಿಕ್, ಸ್ಯಾಲಿಸಿಲಿಕ್

ಗ್ಲೈಕಾಲಿಕ್ ಆಸಿಡ್ ಕಬ್ಬಿನ ರಸದಲ್ಲಿ ಇರುವಂಥದ್ದು. ಅದರ ಕಣ ತುಂಬಾ ಚಿಕ್ಕದು, ಹಾಗಾಗಿ ಬೇಗ ಒಳಗಿಳಿಯುತ್ತದೆ. ಬೇಗ ಫಲ, ಕೈ ತಪ್ಪಿದರೆ ಬೇಗ ಸುಡುವುದೂ ಹೌದು. ಮಂಕು, ಬಂಗು, ತೆಳು ಗೆರೆ ಮೂರೂ ಇರುವವರಿಗೆ ಡಾಕ್ಟರು ಹೆಚ್ಚಾಗಿ ಹೇಳುವುದು ಇದನ್ನೇ. ನನಗೂ ಇದನ್ನೇ ಮಾಡಿದ್ದು.

ಅದು ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಪಾರ್ಲರ್‌ನಲ್ಲಿ ಆದದ್ದಕ್ಕೂ ಇದಕ್ಕೂ ಇರುವ ಅಂತರ ಅಲ್ಲೇ ಕಾಣುತ್ತದೆ. ಕೂದಲಿಗೆ ಟೋಪಿ ಹಾಕಿದರು. ಕಣ್ಣಿನ ಮೂಲೆ, ಮೂಗಿನ ಪಕ್ಕ, ತುಟಿಯ ಅಂಚಿಗೆ ವ್ಯಾಸಲೀನ್ ಸವರಿದರು, ಆಮ್ಲ ಅಲ್ಲಿ ನಿಲ್ಲಬಾರದು ಅಂತ. ಸ್ಪಿರಿಟ್‌ನಲ್ಲಿ ಮುಖದ ಎಣ್ಣೆ ಒರೆಸಿದರು. ಬ್ರಷ್‌ನಲ್ಲಿ ಹಣೆಯಿಂದ ಶುರು ಮಾಡಿ ಕೆನ್ನೆ, ಗಲ್ಲ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಮುಖಕ್ಕೆ ತಾಗಿದಂಥ ಚುರುಚುರು. ನರ್ಸ್ ಕೈಯಲ್ಲಿ ಪುಟ್ಟ ಫ್ಯಾನ್. ಡಾಕ್ಟರ ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ನನ್ನ ಕೆನ್ನೆಯ ಮೇಲೆ. ಎರಡು ನಿಮಿಷ ಆಗುವುದರೊಳಗೆ ಬಲಗೆನ್ನೆ ಕೆಂಪಾಯಿತು. ಗಡಿಯಾರ ಬಿಟ್ಟು ತಕ್ಷಣ ಆ ಜಾಗಕ್ಕೆ ಸೋಡಾ ನೀರು ಹಾಕಿದರು. ಅಡುಗೆ ಸೋಡಾ ಕರಗಿಸಿದ ನೀರೇ ಅದು. ಗ್ಲೈಕಾಲಿಕ್ ತನ್ನಷ್ಟಕ್ಕೆ ನಿಲ್ಲುವುದಿಲ್ಲ, ನಿಲ್ಲಿಸಬೇಕು. ಮುಖ ಬಿಟ್ಟು ಎದ್ದುಹೋಗುವವರ ಕೈಯಲ್ಲಿ ಇದನ್ನು ಮಾಡಿಸಿಕೊಳ್ಳಬಾರದು.

ಬಾಟಲಿಯ ಮೇಲಿನ ಶೇಕಡಾ ಲೆಕ್ಕ ಒಂದನ್ನೇ ನಂಬಬೇಡಿ. ಕ್ಲಿನಿಕ್‌ಗಳಲ್ಲಿ ಶೇ 20ರಿಂದ 70ರವರೆಗೆ ಬಳಸುತ್ತಾರೆ. ಆದರೆ ಅದೇ ಶೇ 30 ದ್ರಾವಣದ ಪಿಎಚ್ (ಹುಳಿ ಎಷ್ಟು ಕಟು ಅನ್ನುವ ಅಳತೆ) ಕಡಿಮೆ ಇದ್ದರೆ ಅದು ಎಷ್ಟೋ ಪಾಲು ಖಾರ. ಆನ್‌ಲೈನ್‌ನಲ್ಲಿ ಮಾರುವ ಎಷ್ಟೋ ಬಾಟಲಿಗಳ ಮೇಲೆ ಪಿಎಚ್ ಬರೆದೇ ಇರುವುದಿಲ್ಲ.

ಲ್ಯಾಕ್ಟಿಕ್ ಮೊಸರಿನ ಹುಳಿ. ಗ್ಲೈಕಾಲಿಕ್‌ಗಿಂತ ಸೌಮ್ಯ, ತೇವ ಹಿಡಿದಿಡುವ ಗುಣವೂ ಇದೆ. ಒಣ ಚರ್ಮದವರಿಗೆ, ಚಳಿಗಾಲದಲ್ಲಿ ಮುಖ ಬಿರಿಯುವವರಿಗೆ ಒಳ್ಳೆಯದು. ಮುಖಕ್ಕೆ ಮೊಸರು ಹಚ್ಚಿದರೆ ಸಾಲದಾ ಅಂತ ನನ್ನ ಅತ್ತೆ ಕೇಳಿದ್ದರು. ಮೊಸರಿನಲ್ಲಿ ಈ ಆಮ್ಲ ಇರುವುದು ಶೇ 1ರ ಆಸುಪಾಸು, ಪೀಲ್‌ನ ಕೆಲಸ ಅದರಿಂದ ಆಗುವುದಿಲ್ಲ. ತೊಂದರೆಯೂ ಇಲ್ಲ, ಹಚ್ಚಿಕೊಳ್ಳಿ. ನಿಂಬೆರಸ ಮಾತ್ರ ಬೇಡ. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಪಟ್ಟೆ ಬೀಳುತ್ತದೆ.

ಮ್ಯಾಂಡೆಲಿಕ್ ಕಹಿ ಬಾದಾಮಿಯಿಂದ ಬಂದ ಆಮ್ಲ. ಇದರ ಕಣದ ತೂಕ ಗ್ಲೈಕಾಲಿಕ್‌ನ ಎರಡರಷ್ಟು, ಅದಕ್ಕೆ ನಿಧಾನವಾಗಿ, ಸಮನಾಗಿ ಇಳಿಯುತ್ತದೆ. ಉರಿ ಕಡಿಮೆ, ಕಪ್ಪಾಗುವ ಭಯವೂ ಕಡಿಮೆ. ಕಪ್ಪು ಮೈಬಣ್ಣದವರು, ಏನು ಹಚ್ಚಿದರೂ ಮುಖ ಕೆಂಪಾಗುವವರು, ಮೊದಲ ಸಲ ಪೀಲ್ ಮಾಡಿಸಿಕೊಳ್ಳುವವರು ಇದರಿಂದ ಶುರು ಮಾಡುವುದು ಒಳ್ಳೆಯದು. ಫಲ ಕಾಣಲು ಎರಡು ಸಿಟ್ಟಿಂಗ್ ಜಾಸ್ತಿ ಬೇಕಾಗಬಹುದು. ಆಗಲಿ ಬಿಡಿ.

ಸ್ಯಾಲಿಸಿಲಿಕ್‌ನ ಜಾತಿಯೇ ಬೇರೆ. ಅದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ರಂಧ್ರದ ಒಳಗಿನ ಜಿಡ್ಡಿಗೆ ಇಳಿಯುತ್ತದೆ. ನಲವತ್ತರಲ್ಲೂ ಮೊಡವೆ ಬರುತ್ತಿದೆ, ಮುಖ ಎಣ್ಣೆ ಎಣ್ಣೆ, ಹಳೆಯ ಮೊಡವೆಯ ಗುರುತು ಹೋಗುತ್ತಿಲ್ಲ ಅನ್ನುವವರಿಗೆ ಇದು. ಶೇ 20 ಅಥವಾ 30 ಹಚ್ಚುತ್ತಾರೆ. ಎರಡು ಮೂರು ನಿಮಿಷದಲ್ಲಿ ದ್ರಾವಣ ಆರಿ ಮುಖದ ಮೇಲೆ ಬಿಳಿ ಪುಡಿ ಕೂರುತ್ತದೆ, ಅಲ್ಲಿಗೆ ಅದರ ಕೆಲಸ ತಾನಾಗಿಯೇ ನಿಲ್ಲುತ್ತದೆ. ಈ ಒಂದು ಗುಣದಿಂದ ನಮ್ಮ ಚರ್ಮಕ್ಕೆ ಇದು ಸುರಕ್ಷಿತ ಅನ್ನುವ ಹೆಸರು ಪಡೆದಿದೆ. ಆದರೆ ಆಸ್ಪಿರಿನ್ ಅಲರ್ಜಿ ಇರುವವರಿಗೆ ಆಗದು, ಬಸುರಿಯರಿಗೂ ಬೇಡ. ಮುಖ ಮಾತ್ರ ಅಲ್ಲದೆ ಬೆನ್ನು, ತೋಳು ಎಲ್ಲ ಒಂದೇ ದಿನ ಮಾಡಿಸಿದರೆ ಆಮ್ಲ ಮೈಗೆ ಸೇರಿ ಕಿವಿಯಲ್ಲಿ ಗುಂಯ್ ಅನ್ನಬಹುದು.

ಇನ್ನೆರಡು ಹೆಸರು ಕೇಳಿಬರುತ್ತವೆ. ಯೆಲ್ಲೋ ಪೀಲ್‌ನಲ್ಲಿ ಇರುವುದು ರೆಟಿನಾಯಿಕ್ ಆಸಿಡ್, ವಿಟಮಿನ್ ಎ ಜಾತಿಯದು. ಉರಿ ಕಡಿಮೆ, ಹಚ್ಚಿಕೊಂಡು ಮನೆಗೆ ಹೋಗಿ ಕೆಲವು ಗಂಟೆ ಬಿಟ್ಟು ತೊಳೆಯುವುದು. ಅಷ್ಟು ಹೊತ್ತು ಮುಖ ಅರಿಶಿಣ ಹಚ್ಚಿದಂತೆ ಹಳದಿ. ಬಂಗು ಇರುವವರಿಗೆ ಹೇಳುತ್ತಾರೆ, ಬಸುರಿಯರಿಗೆ ಖಂಡಿತ ಕೂಡದು. ಜೆಸ್ನರ್ ಅಂದರೆ ರಿಸಾರ್ಸಿನಾಲ್, ಸ್ಯಾಲಿಸಿಲಿಕ್, ಲ್ಯಾಕ್ಟಿಕ್ ಮೂರೂ ಶೇ 14ರಂತೆ ಬೆರೆಸಿದ ಹಳೆಯ ದ್ರಾವಣ. ಎಷ್ಟು ಸಲ ಬಳಿದರು ಅನ್ನುವುದರ ಮೇಲೆ ಅದರ ಆಳ.

ಬಂಗಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪೀಲ್‌ನಿಂದ ಬಂಗು ತಿಳಿಯಾಗುತ್ತದೆ, ಗುಣವಾಗುವುದಿಲ್ಲ. ಬಣ್ಣ ಆಳದಲ್ಲಿ ಕೂತಿದ್ದರೆ ಮೇಲಿನ ಪೀಲ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಬಿಸಿಲು ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ ಅದನ್ನು ಕೆದಕುತ್ತದೆ. ಅದಕ್ಕೇ ಬಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಒಂದು ಸಿಟ್ಟಿಂಗ್‌ನಲ್ಲಿ ಬಂಗು ಮಾಯ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪೀಲ್ ಬೇಕಾ, ಬೇರೆ ಏನಾದರೂ ಸಾಕಾ?

ಕೈಯಲ್ಲಿ ದುಡ್ಡು ಕಡಿಮೆ ಇದ್ದು ಒಂದೇ ಒಂದನ್ನು ಆರಿಸಬೇಕಾದರೆ ನಾನು ಪೀಲ್ ಆರಿಸುವುದಿಲ್ಲ. ಬೆಳಗ್ಗೆ ಸನ್‌ಸ್ಕ್ರೀನ್, ರಾತ್ರಿ ಟ್ರೆಟಿನಾಯಿನ್ (ಅದೂ ವಿಟಮಿನ್ ಎ ಜಾತಿಯದೇ) ಕ್ರೀಮ್ ಆರಿಸುತ್ತೇನೆ. ಬಿಸಿಲಿನಿಂದ ಮುದಿಯಾದ ಚರ್ಮಕ್ಕೆ ಟ್ರೆಟಿನಾಯಿನ್ ಕೆಲಸ ಮಾಡುತ್ತದೆ ಅಂತ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಯವರು 1986ರಲ್ಲಿ ತೋರಿಸಿದರು. ಶೇ 0.025ರ ಒಂದು ಟ್ಯೂಬ್, ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡು ರಾತ್ರಿಯಿಂದ ಶುರು. ಮೊದಲ ಕೆಲವು ವಾರ ಮುಖ ಒಣಗಿ ಸಣ್ಣಗೆ ಉದುರುತ್ತದೆ. ಫಲ ಕಾಣಲು ಮೂರರಿಂದ ಆರು ತಿಂಗಳು. ಪೀಲ್ ಬೇಗ ಕಳೆ ಕೊಡುತ್ತದೆ, ಈ ಕ್ರೀಮ್ ನಿಧಾನವಾಗಿ ಸುಕ್ಕಿನ ಬುಡಕ್ಕೆ ಹೋಗುತ್ತದೆ. ಇದನ್ನೂ ಡಾಕ್ಟರ ಚೀಟಿ ಇಲ್ಲದೆ ಶುರು ಮಾಡಬೇಡಿ. ಬಸುರಿಯರು, ಮಗುವಿಗೆ ತಯಾರಿ ನಡೆಸುತ್ತಿರುವವರು ಬಳಸಬಾರದು.

ಮೊಡವೆಯ ಗುಳಿಗಳು ಇದ್ದರೆ ಮೇಲುಪದರದ ಪೀಲ್ ಹತ್ತು ಸಲ ಮಾಡಿಸಿದರೂ ಗುಳಿ ತುಂಬುವುದಿಲ್ಲ. ಅದಕ್ಕೆ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಮೈಕ್ರೋನೀಡ್ಲಿಂಗ್ ಇದೆ. ಸೂಜಿ ಚುಚ್ಚಿದಂಥ ಕಿರಿದಾದ ಆಳ ಗುಳಿಗಾದರೆ ಟೂತ್‌ಪಿಕ್ ತುದಿಯಲ್ಲಿ ಗಾಢ ಟಿಸಿಎ ಅದ್ದಿ ಗುಳಿಯ ತಳಕ್ಕೆ ಮಾತ್ರ ಮುಟ್ಟಿಸುವ ವಿಧಾನ ಇದೆ. ಲೇಸರ್ ಬಲವಾದದ್ದು, ಖರ್ಚೂ ಜಾಸ್ತಿ, ನಮ್ಮ ಬಣ್ಣಕ್ಕೆ ಕಪ್ಪಾಗುವ ಭಯ ಅಲ್ಲೂ ಇದೆ. ಲೇಸರ್ ಅಂದ ಕೂಡಲೇ ಪೀಲ್‌ಗಿಂತ ಮೇಲು ಅಂತ ಅಂದುಕೊಳ್ಳಬೇಡಿ.

ಮನೆಯಲ್ಲೇ ಮಾಡಿಕೊಳ್ಳುವ ಬಾಟಲಿಗಳ ಬಗ್ಗೆ ನನ್ನ ಮಾತು ಚಿಕ್ಕದು. ಶೇ 5ರಿಂದ 10ರ ಗ್ಲೈಕಾಲಿಕ್ ಅಥವಾ ಲ್ಯಾಕ್ಟಿಕ್ ಸೀರಮ್ ವಾರಕ್ಕೆ ಎರಡು ಸಲ ಪರವಾಗಿಲ್ಲ. ಅದಕ್ಕಿಂತ ಗಾಢವಾದದ್ದು ಬೇಡ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಗಾಢ ಪೀಲ್‌ಗಳನ್ನು ಕೊಂಡು ತಾವೇ ಹಚ್ಚಿಕೊಳ್ಳಬೇಡಿ, ಸುಟ್ಟ ಗಾಯ ಆಗುತ್ತದೆ ಅಂತ ಜನರಿಗೆ ಎಚ್ಚರಿಕೆ ಕೊಟ್ಟಿತು. ಬಿಳಿ ಚರ್ಮದವರಿಗೇ ಆ ಮಾತು ಹೇಳಬೇಕಾಗಿ ಬಂದರೆ ನಾವು ಇನ್ನೂ ಹುಷಾರಾಗಿರಬೇಕು.

ಯಾರ ಹತ್ತಿರ, ಏನು ಕೇಳಬೇಕು

ಬೋರ್ಡ್ ಮೇಲೆ ಸ್ಕಿನ್ ಕ್ಲಿನಿಕ್ ಅಂತ ಇದ್ದ ಮಾತ್ರಕ್ಕೆ ಒಳಗೆ ಚರ್ಮದ ಡಾಕ್ಟರು ಇರಬೇಕಿಲ್ಲ. ಎಂಬಿಬಿಎಸ್ ನಂತರ ಎಂಡಿ, ಡಿಎನ್‌ಬಿ ಅಥವಾ ಡಿವಿಡಿ, ಅದೂ ಚರ್ಮರೋಗ ವಿಭಾಗದಲ್ಲಿ, ಇದೆಯಾ ನೋಡಿ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್‌ಗಳಿಗೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಇದೆಯಾ ಅಂತಲೂ ಕಣ್ಣು ಹಾಯಿಸಿ. ಆಮೇಲೆ ನೇರವಾಗಿ ಕೇಳಿ: ಯಾವ ಆಸಿಡ್, ಎಷ್ಟು ಶೇಕಡಾ, ಹಚ್ಚುವವರು ಯಾರು, ಕಪ್ಪಾದರೆ ಏನು ಮಾಡುತ್ತೀರಿ? ಕೇಳಲು ಸಂಕೋಚ ಪಡಬೇಡಿ. ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ನೀವೂ ಮುಚ್ಚಿಡಬೇಡಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಂಡಿದ್ದರೆ, ಗಾಯ ಗಂಟುಗಟ್ಟುವ ಮೈ ಇದ್ದರೆ, ಬೆಳ್ಳಗಾಗಲು ಅಂತ ಮೆಡಿಕಲ್ ಶಾಪ್‌ನಿಂದ ತಂದ ಕ್ರೀಮ್ ಹಚ್ಚುತ್ತಿದ್ದರೆ ಎಲ್ಲ ಹೇಳಿ. ಕೊನೆಯದು ತುಂಬಾ ಮುಖ್ಯ. ಅಂಥ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದರೂ ಕೈಗೆ ಸಿಗುವುದು ನಿಂತಿಲ್ಲ. ತಿಂಗಳುಗಟ್ಟಲೆ ಅದನ್ನು ಹಚ್ಚಿ ತೆಳುವಾದ ಮುಖಕ್ಕೆ ಪೀಲ್ ಬಿದ್ದರೆ ಉರಿ, ಕೆಂಪು, ಕಪ್ಪು ಎಲ್ಲ ಒಟ್ಟಿಗೆ ಬರುತ್ತವೆ.

ಖರ್ಚನ್ನು ಒಂದು ಸಿಟ್ಟಿಂಗ್‌ಗೆ ಎಷ್ಟು ಅಂತ ಹೋಲಿಸಬೇಡಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಂದರಂತೆ ನಾಲ್ಕರಿಂದ ಆರು ಬೇಕು. ಅದರ ಮೇಲೆ ಮೊದಲ ತಯಾರಿಯ ಕ್ರೀಮ್, ವರ್ಷಪೂರ್ತಿ ಸನ್‌ಸ್ಕ್ರೀನ್. ಎಲ್ಲ ಕೂಡಿಸಿ ನೋಡಿ. ಪೂರ್ತಿ ಪ್ಯಾಕೇಜ್‌ಗೆ ಮೊದಲ ದಿನವೇ ದುಡ್ಡು ಕಟ್ಟಬೇಡಿ, ಒಂದು ಸಿಟ್ಟಿಂಗ್ ಮೈಗೆ ಹೇಗೆ ಹಿಡಿಯುತ್ತದೆ ನೋಡಿ ಆಮೇಲೆ ಮುಂದಿನದು.

ಮುಂಚಿನ ಎರಡು ವಾರ, ಆಮೇಲಿನ ಒಂದು ವಾರ

ನನ್ನ ಪಾರ್ಲರ್ ಪೀಲ್‌ನಲ್ಲಿ ಇಲ್ಲದೇ ಹೋದದ್ದು ಈ ಎರಡೂ. ಪೀಲ್‌ಗೆ ಎರಡರಿಂದ ನಾಲ್ಕು ವಾರ ಮೊದಲು ಡಾಕ್ಟರು ಸನ್‌ಸ್ಕ್ರೀನ್ ಜೊತೆ ಟ್ರೆಟಿನಾಯಿನ್ ಅಥವಾ ಬಣ್ಣ ತಗ್ಗಿಸುವ ಕ್ರೀಮ್ ಕೊಟ್ಟು ಚರ್ಮವನ್ನು ಹದ ಮಾಡುತ್ತಾರೆ. ಹದವಾದ ಚರ್ಮದಲ್ಲಿ ಪೀಲ್ ಸಮನಾಗಿ ಇಳಿಯುತ್ತದೆ, ಕಪ್ಪಾಗುವುದೂ ಕಡಿಮೆ. ಪೀಲ್‌ಗೆ ಕೆಲವು ದಿನ ಮುಂಚೆ ಟ್ರೆಟಿನಾಯಿನ್ ನಿಲ್ಲಿಸಬೇಕು. ಬ್ಲೀಚ್, ಥ್ರೆಡಿಂಗ್, ವ್ಯಾಕ್ಸಿಂಗ್ ಒಂದು ವಾರ ಬೇಡ.

ಆದ ಮೇಲೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್, ಎರಡು ಬೆರಳಿನುದ್ದ ಹಿಂಡಿ ಮುಖಕ್ಕೂ ಕುತ್ತಿಗೆಗೂ. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಸಿಪ್ಪೆ ಏಳುವುದು ಮೂರರಿಂದ ಐದನೇ ದಿನ. ಏಳದಿದ್ದರೂ ಪೀಲ್ ಕೆಲಸ ಮಾಡಿಲ್ಲ ಅಂತಲ್ಲ, ಮ್ಯಾಂಡೆಲಿಕ್‌ನಲ್ಲಿ ಕಾಣುವಂಥ ಸಿಪ್ಪೆ ಏಳದೆಯೂ ಇರಬಹುದು. ಎದ್ದರೆ ಮಾಯಿಶ್ಚರೈಸರ್ ಹಚ್ಚಿ ಅದರಷ್ಟಕ್ಕೆ ಬಿಡಿ, ಕೈ ಹಾಕಬೇಡಿ. ಒಗ್ಗರಣೆಯ ಹಬೆ, ಒಲೆಯ ಶಾಖ ಮುಖಕ್ಕೆ ಹೊಡೆಯದ ಹಾಗೆ ಎರಡು ದಿನ ಅಡುಗೆ ಮನೆಯಿಂದ ದೂರ ಇರಲು ಆದರೆ ಇರಿ. ಮನೆಯವರಿಗೆ ಮೊದಲೇ ಹೇಳಿಡಿ. ನೀರುಗುಳ್ಳೆ, ಕೀವು, ಆರದ ಉರಿ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಡಾಕ್ಟರಿಗೆ ತೋರಿಸಿ.

ಮದುವೆಗೆ ಅಂತ ಮಾಡಿಸುವವರು ದಿನ ಹಿಂದಕ್ಕೆ ಎಣಿಸಿ. ನಾಲ್ಕು ಸಿಟ್ಟಿಂಗ್, ತಯಾರಿ, ಎಲ್ಲ ಸೇರಿ ನಾಲ್ಕು ತಿಂಗಳು. ಕೊನೆಯ ಪೀಲ್‌ಗೂ ಅರಿಶಿಣ ಶಾಸ್ತ್ರಕ್ಕೂ ನಡುವೆ ಮೂರು ವಾರವಾದರೂ ಇರಲಿ. ಹಸಿ ಚರ್ಮಕ್ಕೆ ಅರಿಶಿಣ ಬಿದ್ದರೆ ಎಷ್ಟು ಉರಿಯುತ್ತದೆ ಅಂತ ನನಗೆ ಗೊತ್ತು. ಫೆಬ್ರವರಿಯಿಂದ ಮೇವರೆಗಿನ ಸುಡುಬಿಸಿಲಿನಲ್ಲಿ ಶುರು ಮಾಡುವುದಕ್ಕಿಂತ ಮಳೆ ಹಿಡಿದ ಮೇಲೆ ಶುರು ಮಾಡುವುದು ಒಳ್ಳೆಯದು. ಮೋಡ ಇದ್ದರೂ ಸನ್‌ಸ್ಕ್ರೀನ್ ಮಾತ್ರ ಬಿಡಬೇಡಿ. ಈಗ ನನ್ನ ಅಕ್ಕ ತನ್ನ ಮಗನ ಡಿಸೆಂಬರ್ ಮದುವೆಗೆ ಪೀಲ್ ಬೇಕು ಅಂತಿದ್ದಾಳೆ. ಜುಲೈನಲ್ಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವಳದು ನನಗಿಂತ ಕಪ್ಪು ಮೈಬಣ್ಣ, ಮ್ಯಾಂಡೆಲಿಕ್‌ನಿಂದ ಶುರು ಮಾಡೋಣ ಅಂದಿದ್ದಾರೆ.